ವಸ್ತು ನಿಮ್ಮದು, ಬೀಗದ ಕೈ ಯಾರದು?



ನಾಲ್ಕು ಜನ ಕುಳಿತಿರುವ ಕಚೇರಿಯಲ್ಲಿ ದೂರವಾಣಿಯ ಮೇಲೆ ಗುಟ್ಟಿನ ಮಾತು ಆಡಬೇಕಾಗಿ ಬಂದರೆ ಮನುಷ್ಯ ಏನು ಮಾಡುತ್ತಾನೆ? ಬಾಯಿಗೆ ಅಂಗೈ ಮರೆ ಮಾಡಿಕೊಂಡು ಮೆಲ್ಲಗೆ ಮಾತನಾಡುತ್ತಾನೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಆದರೆ ಅಂಗೈ ಮಾಡುವ ಕೆಲಸವನ್ನೇ ಒಂದು ಸಣ್ಣ ಡಬ್ಬಿ ಮಾಡಿದರೆ ಅದಕ್ಕೆ ಅಪ್ಪಣೆ ಬೇಕೇ? ಅಮೆರಿಕದಲ್ಲಿ ಈ ಪ್ರಶ್ನೆ ಸರ್ಕಾರಿ ಆಯೋಗವೊಂದರ ಮುಂದೆ ಏಳು ವರ್ಷ ನಡೆದು, ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಆ ಡಬ್ಬಿಯ ಹೆಸರು ‘ಹಷ್-ಎ-ಫೋನ್’. 1920ರ ದಶಕದಿಂದಲೇ ಮಾರಾಟದಲ್ಲಿದ್ದ ಬಟ್ಟಲಿನಂಥ ವಸ್ತು ಅದು. ದೂರವಾಣಿಯಲ್ಲಿ ಮಾತನಾಡುವ ತುದಿಗೆ ಅದನ್ನು ಸಿಕ್ಕಿಸಿ, ಅದರೊಳಗೆ ತುಟಿಯಿಟ್ಟು ಮಾತನಾಡಿದರೆ ಪಕ್ಕದಲ್ಲಿದ್ದವರಿಗೆ ಕೇಳಿಸುತ್ತಿರಲಿಲ್ಲ. ಅದರಲ್ಲಿ ತಂತಿಯಿಲ್ಲ, ವಿದ್ಯುತ್ತಿಲ್ಲ. ಆದರೂ ದೇಶದ ದೂರವಾಣಿ ಜಾಲವನ್ನು ಬಹುಪಾಲು ತನ್ನ ಕೈಯಲ್ಲಿಟ್ಟುಕೊಂಡಿದ್ದ ಎ.ಟಿ. ಅಂಡ್ ಟಿ. ಕಂಪನಿ ಅದನ್ನು ಒಪ್ಪಲಿಲ್ಲ. ಕಂಪನಿ ಒದಗಿಸದ ಯಾವ ವಸ್ತುವನ್ನೂ ದೂರವಾಣಿಗೆ ಜೋಡಿಸಕೂಡದು ಎಂಬುದು ಅದರ ನಿಯಮ. 1948ರಲ್ಲಿ ಹಷ್-ಎ-ಫೋನ್ ತಯಾರಕರು ಸಂಪರ್ಕ ಆಯೋಗಕ್ಕೆ ದೂರು ಕೊಟ್ಟರು. ಡಬ್ಬಿಯಿಂದ ಧ್ವನಿ ಕೆಡುತ್ತದೆ, ಸೇವೆಯ ಗುಣಮಟ್ಟ ಇಳಿಯುತ್ತದೆ ಎಂದು ಕಂಪನಿ ವಾದಿಸಿತು. 1955ರಲ್ಲಿ ಆಯೋಗ ಕಂಪನಿಯ ಮಾತನ್ನೇ ಎತ್ತಿಹಿಡಿಯಿತು.

ಮರುವರ್ಷ, ಅಂದರೆ 1956ರಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುವವನಿಗೆ ತಡೆಯಿಲ್ಲ; ಅದೇ ಪರಿಣಾಮ ಕೊಡುವ ಸಾಧನ ಬಳಸುವವನಿಗೆ ಮಾತ್ರ ತಡೆ ಎನ್ನುವುದು ನ್ಯಾಯವೂ ಅಲ್ಲ, ಯುಕ್ತವೂ ಅಲ್ಲ ಎಂಬುದು ನ್ಯಾಯಾಲಯದ ತರ್ಕ. ಸಾರ್ವಜನಿಕರಿಗೆ ಹಾನಿಯಾಗದಂತೆ ತನ್ನ ದೂರವಾಣಿಯನ್ನು ತನಗೆ ಅನುಕೂಲವಾಗುವಂತೆ ಬಳಸಿಕೊಳ್ಳುವುದು ಚಂದಾದಾರನ ಹಕ್ಕು ಎಂದು ಅದು ಹೇಳಿತು.

ಇಂದಿನ ಮಾತಿನ ವಿಷಯ ಇದೇ. ಯಂತ್ರವೊಂದನ್ನು ತಯಾರಿಸಿದವರು, ಅದನ್ನು ಬಳಸುವವರು ಏನು ಮಾಡಬಹುದು, ಏನು ಮಾಡಬಾರದು ಎಂದು ಎಷ್ಟರ ಮಟ್ಟಿಗೆ ನಿರ್ಧರಿಸಬಹುದು? ಕಿಸೆಯ ಮೊಬೈಲಿನಿಂದ ಹೊಲದ ಟ್ರ್ಯಾಕ್ಟರಿನವರೆಗೆ, ಕಚೇರಿಯ ಮುದ್ರಣಯಂತ್ರದಿಂದ ಕನ್ನಡದ ಅಕ್ಷರಗಳವರೆಗೆ ಈ ಪ್ರಶ್ನೆ ಇಂದು ಎಲ್ಲೆಡೆ ಎದುರಾಗುತ್ತಿದೆ.

ಬೇಲಿಯೊಳಗಿನ ಸುಖ

ಬೇಲಿ ಹಾಕಿದವರ ವಾದವನ್ನು ಮೊದಲು ಕೇಳುವುದು ಒಳ್ಳೆಯದು. ಏಕೆಂದರೆ ಅದು ಪೊಳ್ಳು ವಾದವಲ್ಲ. 1908ರ ಸುಮಾರಿಗೆ ಎ.ಟಿ. ಅಂಡ್ ಟಿ.ಯ ಮುಖ್ಯಸ್ಥ ಥಿಯೋಡರ್ ವೇಲ್ ಒಂದು ಘೋಷಣೆ ಕೊಟ್ಟಿದ್ದರು: ಒಂದೇ ನೀತಿ, ಒಂದೇ ವ್ಯವಸ್ಥೆ, ಎಲ್ಲರಿಗೂ ಸೇವೆ. ಆ ಹೊತ್ತಿಗೆ ಅಮೆರಿಕದ ಅನೇಕ ಊರುಗಳಲ್ಲಿ ಎರಡೆರಡು ದೂರವಾಣಿ ಕಂಪನಿಗಳಿದ್ದು, ಒಂದರ ಚಂದಾದಾರ ಇನ್ನೊಂದರ ಚಂದಾದಾರನೊಡನೆ ಮಾತನಾಡಲಾಗುತ್ತಿರಲಿಲ್ಲ. ವ್ಯಾಪಾರಿಗಳು ಮೇಜಿನ ಮೇಲೆ ಎರಡು ಯಂತ್ರ ಇಟ್ಟುಕೊಳ್ಳಬೇಕಾಗಿತ್ತು. ಇಡೀ ದೇಶಕ್ಕೆ ಒಂದೇ ಜಾಲ ಬೇಕೆಂಬ ವೇಲ್ ಅವರ ಮಾತಿನಲ್ಲಿ ಹುರುಳಿತ್ತು.

ಕಂಪನಿ ದೂರವಾಣಿಯನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಕೆಟ್ಟರೆ ಅದರ ಆಳೇ ಬಂದು ಸರಿಪಡಿಸುತ್ತಿದ್ದ. ಅದರ ಯಂತ್ರಗಳು ದಶಕಗಟ್ಟಲೆ ಬಾಳುತ್ತಿದ್ದವು. ಅದರ ಪ್ರಯೋಗಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿಯೇ 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇಂದಿನ ಗಣಕಯಂತ್ರಗಳೆಲ್ಲ ಅದರ ಸಂತಾನ. ಮುಚ್ಚಿದ ಮನೆಯೊಳಗೂ ದೊಡ್ಡ ಕೆಲಸ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದಲ್ಲೂ ಇಂಥ ಕಾಲವೊಂದಿತ್ತು. ಬೆಂಗಳೂರಿನ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಕಪ್ಪು ಬಣ್ಣದ, ಬೆರಳಿಟ್ಟು ತಿರುಗಿಸುವ ಭಾರದ ಫೋನು ಇಲಾಖೆಯ ಮೂಲಕವೇ ಮನೆಗೆ ಬರುತ್ತಿತ್ತು. ಅದು ಸುಲಭಕ್ಕೆ ಕೆಡುವ ವಸ್ತುವಾಗಿರಲಿಲ್ಲ. ಬೇರೆ ಬಣ್ಣದ್ದು ಬೇಕು, ಬೇರೆ ತಯಾರಕರದ್ದು ಬೇಕು ಎಂದು ಕೇಳುವ ಅವಕಾಶವೂ ಇರಲಿಲ್ಲ.

ಹಾಗಾದರೆ ತಕರಾರು ಎಲ್ಲಿದೆ? ಒಳ್ಳೆಯ ಸೇವೆ ಕೊಡುವವನು ತನ್ನ ಮನೆಗೆ ಬಾಗಿಲು ಹಾಕಿಕೊಂಡರೆ ತಪ್ಪೇನು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಟೆಕ್ಸಾಸಿನ ತೈಲಬಾವಿಗಳ ನಡುವೆ ಓಡಾಡುತ್ತಿದ್ದ ಒಬ್ಬ ಉದ್ಯಮಿಯಿಂದ.

ಕಾರ್ಟರ್ ಎಂಬವರ ಪೆಟ್ಟಿಗೆ

ಅವರ ಹೆಸರು ಥಾಮಸ್ ಕಾರ್ಟರ್. ರೇಡಿಯೋ ಸಂಪರ್ಕದ ವ್ಯವಹಾರ ಮಾಡುತ್ತಿದ್ದವರು. ತೈಲಬಾವಿಗಳಲ್ಲಿ, ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕೆಲಸ ಮಾಡುವವರ ಬಳಿ ವೈರ್‌ಲೆಸ್ ಇರುತ್ತಿತ್ತು, ದೂರವಾಣಿ ಇರುತ್ತಿರಲಿಲ್ಲ. ಕಾರ್ಟರ್ ಒಂದು ಪೆಟ್ಟಿಗೆ ತಯಾರಿಸಿದರು. ಕಚೇರಿಯಲ್ಲಿ ದೂರವಾಣಿಯ ರಿಸೀವರನ್ನು ಎತ್ತಿ ಆ ಪೆಟ್ಟಿಗೆಯ ತೊಟ್ಟಿಲಿನಂಥ ಜಾಗದಲ್ಲಿ ಮಲಗಿಸಿದರೆ, ಬಂದ ಧ್ವನಿ ವೈರ್‌ಲೆಸ್ ಮೂಲಕ ಬಯಲಿನಲ್ಲಿದ್ದವನಿಗೆ ತಲುಪುತ್ತಿತ್ತು. ಅವನ ಧ್ವನಿ ರಿಸೀವರಿನ ಮೂಲಕ ದೂರವಾಣಿ ಜಾಲಕ್ಕೆ ಹೋಗುತ್ತಿತ್ತು. ಇಲ್ಲಿಯೂ ತಂತಿಗೆ ತಂತಿ ತಾಗುತ್ತಿರಲಿಲ್ಲ, ಧ್ವನಿಗೆ ಧ್ವನಿ ಮಾತ್ರ. 1959ರಿಂದ 1966ರವರೆಗೆ ಸುಮಾರು 3,500 ‘ಕಾರ್ಟರ್‌ಫೋನ್’ಗಳು ಮಾರಾಟವಾದವು.

ಇದನ್ನು ಬಳಸಿದವರಿಗೆ ಸಂಪರ್ಕ ಕಡಿತದ ಎಚ್ಚರಿಕೆ ಬಂತು. ಕಾರ್ಟರ್ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ವಿಷಯವನ್ನು ಸಂಪರ್ಕ ಆಯೋಗಕ್ಕೆ ಒಪ್ಪಿಸಿತು. ಹಿಂದೊಮ್ಮೆ ಹಷ್-ಎ-ಫೋನ್ ವಿರುದ್ಧ ತೀರ್ಪು ಕೊಟ್ಟಿದ್ದ ಅದೇ ಆಯೋಗ 1968ರ ಜೂನ್ ತಿಂಗಳಲ್ಲಿ ಕಾರ್ಟರ್ ಪರವಾಗಿ ತೀರ್ಪು ಕೊಟ್ಟಿತು. ಜಾಲಕ್ಕೆ ಹಾನಿ ಮಾಡುವ ವಸ್ತುವನ್ನು ಕಂಪನಿ ತಡೆಯಬಹುದು. ಹಾನಿ ಮಾಡದ ವಸ್ತುವನ್ನೂ ಸಾರಾಸಗಟಾಗಿ ತಡೆಯುವ ನಿಯಮ ಮಾತ್ರ ಕಾನೂನಿಗೆ ವಿರುದ್ಧ ಎಂದಿತು ಆಯೋಗ.

ಕಂಪನಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೊರಗಿನ ಯಂತ್ರ ಜೋಡಿಸಬೇಕಾದರೆ ನಡುವೆ ತಾನು ಕೊಡುವ ರಕ್ಷಕ ಸಾಧನ ಇರಲೇಬೇಕು, ಅದಕ್ಕೆ ಬಾಡಿಗೆ ಕೊಡಬೇಕು ಎಂದಿತು. ಒಂದು ಬಾಗಿಲು ತೆರೆದರೆ ಇನ್ನೊಂದು ಬಾಗಿಲಲ್ಲಿ ಸುಂಕದ ಕಟ್ಟೆ! 1970ರ ದಶಕದ ನಡುವೆ ಆಯೋಗವೇ ತಾಂತ್ರಿಕ ಮಾನಕಗಳನ್ನು ಗೊತ್ತುಪಡಿಸಿ, ಅವುಗಳಿಗೆ ಅನುಗುಣವಾಗಿ ನೋಂದಾಯಿತವಾದ ಯಾವ ಯಂತ್ರವನ್ನಾದರೂ ಜೋಡಿಸಬಹುದು ಎಂಬ ಪದ್ಧತಿ ತಂದ ಮೇಲೆ ಈ ಜಗಳ ಮುಗಿಯಿತು. ಇಂದಿಗೂ ಸ್ಥಿರ ದೂರವಾಣಿಯ ತಂತಿಯ ತುದಿಯಲ್ಲಿ ಕಾಣುವ, ‘ಟಕ್’ ಎಂದು ಕೂರುವ ಪುಟ್ಟ ಪ್ಲಾಸ್ಟಿಕ್ ಪಿನ್ನು ವ್ಯಾಪಕವಾಗಿ ಬಳಕೆಗೆ ಬಂದದ್ದು ಆ ಪದ್ಧತಿಯಿಂದಲೇ.

ಜಾಲ ಕುಸಿದುಬೀಳುತ್ತದೆ ಎಂಬ ಭಯ ನಿಜವಾಗಲಿಲ್ಲ. ಬದಲಿಗೆ ಉತ್ತರಿಸುವ ಯಂತ್ರ, ಫ್ಯಾಕ್ಸ್, ತಂತಿಯಿಲ್ಲದ ಫೋನು ಮನೆಮನೆಗೆ ಬಂದವು. ಗಣಕವನ್ನು ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್ ಬಂತು. ಮನೆಗಳಿಗೆ ಅಂತರ್ಜಾಲ ಮೊದಲು ಹರಿದುಬಂದದ್ದು ಈ ಮೋಡೆಮ್ಮಿನ ಮೂಲಕ. ತೈಲಬಾವಿಯ ಕೂಲಿಯೊಡನೆ ಮಾತನಾಡಲು ಹೊರಟ ಕಾರ್ಟರ್ ಇದನ್ನು ಕನಸಿನಲ್ಲಿಯೂ ಎಣಿಸಿರಲಾರರು. ಮುಚ್ಚಿದ ಬಾಗಿಲಿನ ನಿಜವಾದ ನಷ್ಟ ಇಲ್ಲಿದೆ. ಏನು ಹುಟ್ಟದೆ ಹೋಯಿತು ಎಂಬುದು ಬಾಗಿಲು ಮುಚ್ಚಿರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಕೈಗೆ ಬಂದ ಸೇವೆಯ ಗುಣ ಎಲ್ಲರಿಗೂ ಕಾಣುತ್ತದೆ, ಬರದೇ ಹೋದದ್ದರ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಕಿಸೆಯೊಳಗಿನ ಕೋಟೆ

ಗಣಕಯಂತ್ರದ ಲೋಕದಲ್ಲಿಯೂ ಈ ಕಥೆ ಮರುಕಳಿಸಿತು. 1981ರಲ್ಲಿ ಐ.ಬಿ.ಎಂ. ಹೊರತಂದ ವೈಯಕ್ತಿಕ ಗಣಕದ ರಚನೆ ಹೊರಗಿನವರಿಗೆ ತೆರೆದಿತ್ತು. ಯಾರು ಬೇಕಾದರೂ ಅದಕ್ಕೆ ಹೊಂದುವ ಬಿಡಿಭಾಗ ತಯಾರಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಹೋಲುವ ಅಗ್ಗದ ಯಂತ್ರಗಳು ಮಾರುಕಟ್ಟೆ ತುಂಬಿದವು. 1984ರಲ್ಲಿ ಬಂದ ಆಪಲ್ ಕಂಪನಿಯ ಮೆಕಿಂತೋಷ್ ನೋಡಲು ಅಂದ, ಬಳಸಲು ಸುಲಭ. ಆದರೆ ಅದರ ಪೆಟ್ಟಿಗೆ ತೆರೆಯಲು ಸಾಮಾನ್ಯ ಸ್ಕ್ರೂಡ್ರೈವರ್ ಸಾಲುತ್ತಿರಲಿಲ್ಲ, ಹೊಸ ಭಾಗ ಸೇರಿಸಲು ಒಳಗೆ ಜಾಗವೂ ಇರಲಿಲ್ಲ. ಹಾಗೆಂದು ತೆರೆದ ಕಡೆ ಎಲ್ಲವೂ ತೆರೆದೇ ಇತ್ತು ಎನ್ನುವಂತಿಲ್ಲ. ಯಂತ್ರ ಯಾರದಾದರೂ ಅದರೊಳಗಿನ ವಿಂಡೋಸ್ ತಂತ್ರಾಂಶ ಒಂದೇ ಕಂಪನಿಯದು ಎಂಬ ಸ್ಥಿತಿ ಬಂದು, 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಒಂದು ಬೇಲಿ ಕಿತ್ತಲ್ಲಿ ಇನ್ನೊಂದು ಬೆಳೆಯುವುದು ಈ ಕ್ಷೇತ್ರದ ಹಳೆಯ ಅಭ್ಯಾಸ.

2007ರಲ್ಲಿ ಐಫೋನ್ ಬಂತು. 2008ರ ಜುಲೈನಲ್ಲಿ ಅದಕ್ಕೆ ‘ಆಪ್ ಸ್ಟೋರ್’ ಎಂಬ ಅಂಗಡಿ ಸೇರಿತು. ಆರಂಭದಲ್ಲಿ ಅಲ್ಲಿದ್ದದ್ದು ಸುಮಾರು 500 ಆಪ್‌ಗಳು. ಫೋನಿಗೆ ಹೊಸ ಆಪ್ ಬೇಕಾದರೆ ಗ್ರಾಹಕನಿಗೆ ಕಂಪನಿ ಬಿಟ್ಟ ದಾರಿ ಆ ಅಂಗಡಿಯೊಂದೇ. ಅಲ್ಲಿ ಏನಿರಬೇಕು, ಏನಿರಬಾರದು ಎಂದು ಕಂಪನಿಯೇ ಪರೀಕ್ಷಿಸುತ್ತದೆ. ಹಣ ಕೊಟ್ಟು ಕೊಳ್ಳುವ ಆಪ್‌ಗಳ ಮೇಲೆ ಶೇ. 30ರಷ್ಟು ದಲ್ಲಾಳಿ ಎಂಬುದು ಅಂದಿನ ಏರ್ಪಾಟು.

ಇದರಿಂದ ಅನುಕೂಲವಾಗಲಿಲ್ಲ ಎನ್ನುವವರು ಸತ್ಯ ಹೇಳುವುದಿಲ್ಲ. ವೈರಸ್ಸಿನ ಕಾಟ ಕಡಿಮೆಯಾಯಿತು. ಗಣಕದ ಗಂಧವಿಲ್ಲದ ಅಜ್ಜಿಯೂ ಭಯವಿಲ್ಲದೆ ಆಪ್ ಹಾಕಿಕೊಳ್ಳಬಹುದಾಯಿತು. ಕೋಣೆಯಲ್ಲಿ ಕುಳಿತು ಆಪ್ ಬರೆದ ಹುಡುಗನಿಗೆ ಇಡೀ ಜಗತ್ತಿನ ಪೇಟೆ ಒಮ್ಮೆಗೇ ತೆರೆಯಿತು. ಆದರೆ ಅಂಗಡಿಯ ಯಜಮಾನನೂ ಅದೇ ಸರಕು ಮಾರುವವನಾದರೆ, ಪರೀಕ್ಷೆ ಮಾಡುವವನೂ ಅವನೇ ಆದರೆ, ಸುಂಕ ವಸೂಲಿ ಮಾಡುವವನೂ ಅವನೇ ಆದರೆ, ಗ್ರಾಹಕನ ಸುರಕ್ಷತೆ ಎಲ್ಲಿಗೆ ಮುಗಿದು ಯಜಮಾನನ ಲಾಭ ಎಲ್ಲಿಂದ ಶುರುವಾಗುತ್ತದೆ ಎಂದು ಗೆರೆ ಎಳೆಯುವವರು ಯಾರು? ಹೊಲ ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು ಎಂಬ ಗಾದೆಯ ಮಾತು ನೆನಪಾಗುತ್ತದೆ.

ಹೊರಗೆ ಇದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಗ್ರಾಹಕನಿಗೆ ತಿಳಿಸುವುದನ್ನೂ ಆಪಲ್ ಕಂಪನಿಯ ನಿಯಮಗಳು ತಡೆಯುತ್ತಿದ್ದವು. 2020ರ ಆಗಸ್ಟಿನಲ್ಲಿ ಎಪಿಕ್ ಎಂಬ ಆಟದ ಕಂಪನಿ ತನ್ನದೇ ಪಾವತಿ ವ್ಯವಸ್ಥೆಯನ್ನು ತನ್ನ ಆಟದೊಳಗೆ ಸೇರಿಸಿತು. ಆಟವನ್ನು ಅಂಗಡಿಯಿಂದ ತೆಗೆದುಹಾಕಲಾಯಿತು. 2021ರ ಸೆಪ್ಟೆಂಬರಿನ ತೀರ್ಪಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಎಪಿಕ್‌ನ ಬಹುತೇಕ ಆರೋಪಗಳನ್ನು ಒಪ್ಪಲಿಲ್ಲ. ಆದರೆ ಬೇರೆ ದಾರಿಯಿದೆ ಎಂದು ಗ್ರಾಹಕನಿಗೆ ಹೇಳದಂತೆ ಬಾಯಿ ಕಟ್ಟುವುದು ತಪ್ಪು ಎಂದಿತು. 2025ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ, ಆಪಲ್ ಆ ಆದೇಶವನ್ನು ಪಾಲಿಸಿಲ್ಲ ಎಂದು ಕಟುವಾಗಿ ಹೇಳಬೇಕಾಯಿತು. ಹೊರಗಿನ ದಾರಿಗೆ ಒಪ್ಪಿಗೆ ಕೊಟ್ಟ ಕಂಪನಿ ಆ ದಾರಿಯ ಮೇಲೂ ಶೇ. 27ರವರೆಗೆ ದಲ್ಲಾಳಿ ಇಟ್ಟಿತ್ತು. 1968ರ ನಂತರದ ರಕ್ಷಕ ಸಾಧನದ ಬಾಡಿಗೆ ಇಲ್ಲಿ ಯಾರಿಗಾದರೂ ನೆನಪಾದರೆ ಆಶ್ಚರ್ಯವಿಲ್ಲ.

ಯುರೋಪಿನ ಒಕ್ಕೂಟ ಕಾನೂನಿನ ದಾರಿ ಹಿಡಿಯಿತು. 2024ರ ಮಾರ್ಚಿನಿಂದ ಅಲ್ಲಿ ಐಫೋನಿಗೂ ಬೇರೆಯವರ ಆಪ್ ಅಂಗಡಿ ಬರಲು ದಾರಿಯಾಯಿತು. ಅದಕ್ಕೂ ಮೊದಲೇ ಎಲ್ಲ ಮೊಬೈಲುಗಳಿಗೂ ಒಂದೇ ಬಗೆಯ ಚಾರ್ಜರ್ ಎಂಬ ನಿಯಮ ಅಂಗೀಕಾರವಾಗಿ, 2024ರ ಡಿಸೆಂಬರಿನಿಂದ ಜಾರಿಗೆ ಬಂತು. 2012ರಿಂದ ತನ್ನದೇ ತೂತು, ತನ್ನದೇ ತಂತಿ ಇಟ್ಟುಕೊಂಡಿದ್ದ ಐಫೋನು 2023ರಲ್ಲಿ ಎಲ್ಲರ ತಂತಿಗೆ ಬಂದದ್ದು ಈ ಒತ್ತಡದಿಂದ. ಅದರ ಫಲ ಭಾರತದ ಗ್ರಾಹಕನಿಗೂ ದಕ್ಕಿತು.

ಕೊಂಡ ಮೇಲೂ ಕೊಳ್ಳದಂತೆ

ಬಾಡಿಗೆಯ ದೂರವಾಣಿಗೆ ಕಂಪನಿ ನಿಯಮ ಹಾಕಿದ್ದಾದರೂ ಅರ್ಥವಾಗುತ್ತದೆ. ಪೂರ್ತಿ ಬೆಲೆ ಕೊಟ್ಟು ಕೊಂಡ ವಸ್ತುವಿನ ಗತಿಯೇನು? ಲೆಕ್ಸ್‌ಮಾರ್ಕ್ ಎಂಬ ಮುದ್ರಣಯಂತ್ರದ ಕಂಪನಿ, ಖಾಲಿಯಾದ ಮಸಿಡಬ್ಬಿಗೆ ಮತ್ತೆ ಮಸಿ ತುಂಬಿ ಮಾರುತ್ತಿದ್ದ ಸಣ್ಣ ಕಂಪನಿಯೊಂದರ ಮೇಲೆ ಪೇಟೆಂಟ್ ಹೆಸರಿನಲ್ಲಿ ದಾವೆ ಹೂಡಿತ್ತು. 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು ಎಂದು ತೀರ್ಪಿತ್ತಿತು. ಹಳೆಯ ಕಾರುಗಳನ್ನು ಕೊಂಡು, ದುರಸ್ತಿ ಮಾಡಿ ಮಾರುವ ಅಂಗಡಿಯ ಉದಾಹರಣೆಯನ್ನು ನ್ಯಾಯಮೂರ್ತಿಗಳು ಕೊಟ್ಟರು. ಕಾರಿನ ಸಾವಿರಾರು ಬಿಡಿಭಾಗಗಳ ತಯಾರಕರೆಲ್ಲ ಮಾರಿದ ಮೇಲೂ ಹಕ್ಕು ಚಲಾಯಿಸತೊಡಗಿದರೆ ಆ ಅಂಗಡಿ ನಡೆಯುವುದು ಹೇಗೆ?

ಮಸಿಡಬ್ಬಿಯ ಜಾಗದಲ್ಲಿ ಟ್ರ್ಯಾಕ್ಟರನ್ನು ಇಟ್ಟು ನೋಡಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಇಂದಿನ ದೊಡ್ಡ ಟ್ರ್ಯಾಕ್ಟರುಗಳ ಒಳಗೆ ಗಣಕವಿದೆ. ಅಮೆರಿಕದ ಜಾನ್ ಡೀರ್ ಕಂಪನಿಯ ಯಂತ್ರ ಹೊಲದ ನಡುವೆ ನಿಂತರೆ, ದೋಷ ಯಾವುದೆಂದು ಓದಲು, ಹೊಸ ಭಾಗ ಹಾಕಿದ ಮೇಲೆ ಅದನ್ನು ಯಂತ್ರ ಒಪ್ಪುವಂತೆ ಮಾಡಲು ಕಂಪನಿಯ ತಂತ್ರಾಂಶ ಬೇಕು. ಅದು ಪೂರ್ತಿಯಾಗಿ ಇರುವುದು ಅಧಿಕೃತ ಮಾರಾಟಗಾರರ ಬಳಿ ಎಂಬುದು ಅಲ್ಲಿನ ರೈತರ ದೂರು. ಕೊಯ್ಲಿನ ಕಾಲದಲ್ಲಿ ಒಂದು ದಿನ ಕಾಯುವುದೆಂದರೆ ಏನೆಂಬುದನ್ನು ಯಾವ ದೇಶದ ರೈತನಿಗೂ ಹೇಳಬೇಕಾಗಿಲ್ಲ. ಮಾಲಿನ್ಯ ನಿಯಂತ್ರಣ ಮತ್ತು ಸುರಕ್ಷತೆಯ ವ್ಯವಸ್ಥೆಗಳನ್ನು ಜನ ಕೆಡಿಸಿಬಿಡಬಾರದು ಎಂಬ ಕಾರಣವನ್ನು ಕಂಪನಿ ಕೊಡುತ್ತದೆ. ಕೊಲೊರಾಡೋ ರಾಜ್ಯ 2023ರಲ್ಲಿ ಕೃಷಿಯಂತ್ರಗಳ ದುರಸ್ತಿಯ ಹಕ್ಕಿಗೆ ಕಾನೂನನ್ನೇ ಮಾಡಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು.

ಇನ್ನೂ ವಿಚಿತ್ರವಾದದ್ದು ಪುಸ್ತಕದ ಪ್ರಸಂಗ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಯಂತ್ರದಲ್ಲಿ ಹಣ ಕೊಟ್ಟು ಕೊಂಡಿದ್ದ ಕೆಲವು ಪುಸ್ತಕಗಳು ಓದುಗರ ಯಂತ್ರದಿಂದ ತಾವಾಗಿಯೇ ಮಾಯವಾದವು. ಅವನ್ನು ಮಾರಿದವನಿಗೆ ಮಾರುವ ಹಕ್ಕಿರಲಿಲ್ಲವೆಂದು ತಿಳಿದ ಕಂಪನಿ ದೂರದಿಂದಲೇ ಅಳಿಸಿಹಾಕಿ, ಹಣ ಹಿಂದಿರುಗಿಸಿತ್ತು. ಅಳಿಸಿಹೋದ ಪುಸ್ತಕಗಳು ಜಾರ್ಜ್ ಆರ್ವೆಲ್ ಅವರ ‘1984’ ಮತ್ತು ‘ಅನಿಮಲ್ ಫಾರ್ಮ್’! ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಪುಸ್ತಕದ ಅಂಗಡಿಯವನು ಗ್ರಾಹಕನ ಮನೆಗೆ ರಾತ್ರಿ ಬಂದು, ಕಪಾಟಿನಿಂದ ಪುಸ್ತಕ ತೆಗೆದುಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ಅದನ್ನು ಏನೆಂದು ಕರೆಯಬೇಕು?

ಬಿಟ್ಟಿಯ ಬೇಲಿ

ಭಾರತಕ್ಕೆ ಬಂದರೆ ಬೇಲಿ ಉಚಿತ ಉಡುಗೊರೆಯ ರೂಪದಲ್ಲಿಯೂ ಬಂದದ್ದುಂಟು. 2015ರಲ್ಲಿ ಫೇಸ್‌ಬುಕ್ ಕಂಪನಿ, ಮುಂದೆ ‘ಫ್ರೀ ಬೇಸಿಕ್ಸ್’ ಎಂದು ಹೆಸರಾದ ಯೋಜನೆ ತಂದಿತು. ಬಡವರಿಗೆ ಉಚಿತ ಅಂತರ್ಜಾಲ ಎಂಬುದು ಅದರ ಮಾತು. ಆದರೆ ಅಲ್ಲಿ ಸಿಗುತ್ತಿದ್ದದ್ದು ಇಡೀ ಅಂತರ್ಜಾಲವಲ್ಲ. ಯೋಜನೆಯ ನಿಯಮಗಳಿಗೆ ಒಪ್ಪಿ ಒಳಬಂದ ಕೆಲವು ತಾಣಗಳು ಮಾತ್ರ. ಏನೂ ಇಲ್ಲದವನಿಗೆ ಇಷ್ಟಾದರೂ ಸಿಗಲಿ ಎಂದವರಿದ್ದರು. ಹಳ್ಳಿಯ ಹುಡುಗ ಜಗತ್ತನ್ನು ಒಂದು ಕಂಪನಿಯ ಕಿಟಕಿಯಿಂದಲೇ ನೋಡಬೇಕೇ ಎಂದವರೂ ಇದ್ದರು. ಲಕ್ಷಾಂತರ ಜನ ಅಭಿಪ್ರಾಯ ಬರೆದು ಕಳುಹಿಸಿದರು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನೋಡುವ ತಾಣಕ್ಕೆ ತಕ್ಕಂತೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಯೋಜನೆ ಇಲ್ಲಿಂದ ಕಾಲ್ತೆಗೆಯಿತು.

2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಫೋನು ತಯಾರಕರು ಗೂಗಲ್ಲಿನ ಆಪ್‌ಗಳ ಇಡೀ ಕಂತೆಯನ್ನು ಮೊದಲೇ ಹಾಕಿ ಕೊಡಬೇಕು ಎಂಬ ಷರತ್ತು ಅದರ ಆಕ್ಷೇಪಗಳಲ್ಲಿ ಒಂದು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.

ಇವೆಲ್ಲ ದೊಡ್ಡವರ ವ್ಯಾಜ್ಯ ಎನಿಸಬಹುದು. ಆದರೆ ಸಾಮಾನ್ಯನ ಕೈಗೆ ನೇರವಾಗಿ ಬಂದ ಬಿಡುಗಡೆಯೊಂದು ಸದ್ದಿಲ್ಲದೆ ಜಾರಿಯಾಗಿದೆ. 2011ರ ಜನವರಿ 20ರವರೆಗೆ ಭಾರತದ ಬಹುತೇಕ ಕಡೆ ಮೊಬೈಲ್ ಕಂಪನಿ ಬದಲಿಸಿದರೆ ನಂಬರೂ ಬದಲಾಗುತ್ತಿತ್ತು. ಸೇವೆ ಎಷ್ಟೇ ಕಳಪೆಯಾದರೂ, ನಂಟರಿಷ್ಟರಿಗೆ, ಗಿರಾಕಿಗಳಿಗೆ ಹೊಸ ನಂಬರು ಹೇಳಿ ಮುಗಿಸುವುದುಂಟೇ ಎಂದು ಜನ ಸಹಿಸಿಕೊಂಡಿರುತ್ತಿದ್ದರು. ಆ ದಿನದಿಂದ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಬಂತು. ಕಂಪನಿಯ ಗೋಡೆಯನ್ನು ಯಾರೂ ಕೆಡವಲಿಲ್ಲ. ಹೊರಹೋಗುವ ಬಾಗಿಲೊಂದನ್ನು ಇಡಿಸಿದರು, ಅಷ್ಟೆ. ಅಷ್ಟರಿಂದಲೇ ಒಳಗಿರುವವನಿಗೂ ಬೆಲೆ ಬಂತು.

ಅಕ್ಷರಕ್ಕೆ ಬಿದ್ದ ಬೀಗ

ಕನ್ನಡಿಗರ ಪಾಲಿಗೆ ಈ ವಿಷಯ ದೂರದ್ದೇನೂ ಅಲ್ಲ. ಕನ್ನಡದ ಅಕ್ಷರಗಳೇ ಒಂದು ಕಾಲಕ್ಕೆ ಇಂಥ ಬೀಗದೊಳಗಿದ್ದವು.

ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು ಅದು ನೆನಪಿಟ್ಟುಕೊಳ್ಳುತ್ತದೆ. ಕನ್ನಡ ಗಣಕಕ್ಕೆ ಬಂದಾಗ ಕಂಪನಿಗೊಂದು ಸಂಖ್ಯಾಪಟ್ಟಿ ಹುಟ್ಟಿಕೊಂಡಿತು. ಒಬ್ಬರು ‘ಕ’ಕಾರಕ್ಕೆ ಕೊಟ್ಟ ಸಂಖ್ಯೆ ಇನ್ನೊಬ್ಬರಲ್ಲಿ ದೀರ್ಘದ ಕೊಂಬೋ ಒತ್ತಕ್ಷರವೋ ಆಗಿರುತ್ತಿತ್ತು. ಒಂದು ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಪರದೆಯ ಮೇಲೆ ಚಿತ್ರವಿಚಿತ್ರ ಗುರುತುಗಳು. ಕೆಲವು ತಂತ್ರಾಂಶಗಳೊಡನೆ ಗಣಕದ ಹಿಂಬದಿಗೆ ಸಿಕ್ಕಿಸುವ ಪುಟ್ಟ ಬೀಗವೂ ಬರುತ್ತಿತ್ತು. ಅದಿಲ್ಲದೆ ತಂತ್ರಾಂಶ ತೆರೆಯುತ್ತಿರಲಿಲ್ಲ. ಲೇಖಕ ಕನ್ನಡದಲ್ಲಿಯೇ ಬರೆದ, ತಾನೇ ಬರೆದ. ಆದರೆ ಅದನ್ನು ಹತ್ತು ವರ್ಷದ ಮೇಲೆ ಓದಬೇಕಾದರೆ ಕಂಪನಿಯ ಬೀಗದ ಕೈ ಬೇಕು.

ಆ ಕಂಪನಿಗಳನ್ನು ಬೈಯುವುದು ಸುಲಭ, ಆದರೆ ಅದು ಅನ್ಯಾಯ. ಬೇರೆ ಯಾರೂ ಕೈಹಾಕದ ಕಾಲದಲ್ಲಿ ಭಾರತೀಯ ಭಾಷೆಗಳಿಗೆ ಅಂದದ ಅಕ್ಷರ ಕೊಟ್ಟವರು ಅವರು. ಅವರ ತಂತ್ರಾಂಶಗಳಿಂದಲೇ ಪತ್ರಿಕೆಗಳು, ಪುಸ್ತಕಗಳು ಮೊಳೆಜೋಡಣೆಯಿಂದ ಬಿಡುಗಡೆ ಪಡೆದವು. ತಪ್ಪಾದದ್ದು ಬೇರೆ ಕಡೆ. ಅಕ್ಷರದ ಅಂದವನ್ನು ಮಾರುವುದು ವ್ಯಾಪಾರ. ಅಕ್ಷರದ ಸಂಖ್ಯೆ ಎಲ್ಲರಿಗೂ ಸೇರಿದ್ದಾಗಬೇಕಿತ್ತು. ಎರಡರ ನಡುವಿನ ಗೆರೆಯನ್ನು ಬಹುಕಾಲ ಯಾರೂ ಎಳೆಯಲಿಲ್ಲ.

ಗೆರೆ ಎಳೆಯುವ ಕೆಲಸ ಹಲವು ದಿಕ್ಕುಗಳಿಂದ ನಡೆಯಿತು. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗಳ ಕ್ರಮಕ್ಕೆ ಹೊಂದುವ ಸರಳ ಕೀಲಿಮಣೆ ವಿನ್ಯಾಸ ರೂಪಿಸಿ, ಅದನ್ನು ಬಳಸುವ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಮುಂದೆ ಅದೇ ವಿನ್ಯಾಸ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಸರ್ಕಾರ ಅಕ್ಷರಸಂಕೇತಕ್ಕೆ ಒಂದು ಮಾನಕ ಗೊತ್ತುಮಾಡಿದ ಮೇಲೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದು ಸುಲಭವಾಯಿತು.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಪಟ್ಟಿ ಎಂಬ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳಿವೆ. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಶಿರಸಿಯಲ್ಲಿ ಬರೆದರೂ ಶಿಕಾಗೋದಲ್ಲಿ ಓದಿದರೂ ಅದೇ ಸಂಖ್ಯೆ. ಆದರೆ ಪಟ್ಟಿಯಿದ್ದರೆ ಸಾಲದು, ಗಣಕಗಳು ಅದನ್ನು ಪಾಲಿಸಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಸೇರಿದ ಮೇಲೆ ಯೂನಿಕೋಡ್ ಕನ್ನಡ ಸಾಮಾನ್ಯರ ಯಂತ್ರಕ್ಕೆ ಬಂತು. ಅಂತರ್ಜಾಲದ ಹುಡುಕು ಯಂತ್ರಗಳಿಗೆ ಕನ್ನಡ ಸಿಕ್ಕಿತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಇಂದು ಹಳ್ಳಿಯ ಹುಡುಗಿ ತನ್ನ ಮೊಬೈಲಿನಲ್ಲಿ ಕನ್ನಡದಲ್ಲಿ ಸಂದೇಶ ಬರೆದರೆ, ಅದನ್ನು ಪಡೆದವನ ಫೋನು ಯಾವ ಕಂಪನಿಯದೆಂದು ಆಕೆ ಕೇಳಬೇಕಾಗಿಲ್ಲ. ಯೂನಿಕೋಡ್ ಸಂಸ್ಥೆಯಲ್ಲಿಯೂ ದೊಡ್ಡ ಕಂಪನಿಗಳ ಮಾತಿಗೇ ತೂಕ ಹೆಚ್ಚು ಎಂಬುದು ನಿಜ. ಆದರೂ 3221 ಎಂಬ ಸಂಖ್ಯೆಗೆ ಯಾರೂ ಬಾಡಿಗೆ ಕೇಳುವಂತಿಲ್ಲ.

ಬೀಗದ ಕಾಲದಲ್ಲಿ ಬರೆದದ್ದರ ಕಥೆ ಇನ್ನೂ ಮುಗಿದಿಲ್ಲ. ಹಳೆಯ ಸಂಕೇತಗಳಲ್ಲಿರುವ ಬರಹಗಳನ್ನು ಯೂನಿಕೋಡಿಗೆ ತರಲು ಪರಿವರ್ತಕ ತಂತ್ರಾಂಶಗಳಿವೆ; ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದುಂಟು, ಮನುಷ್ಯನೇ ಕುಳಿತು ತಿದ್ದಬೇಕು. ಯಾವ ತಂತ್ರಾಂಶದಲ್ಲಿ ಬರೆದದ್ದೆಂದೇ ಮರೆತುಹೋದ ಕಡತಕ್ಕೆ ಅದೂ ಇಲ್ಲ. ಆರುನೂರು ವರ್ಷದ ಹಿಂದಿನ ತಾಳೆಗರಿಯನ್ನು ಲಿಪಿ ಬಲ್ಲವರು ಇಂದಿಗೂ ಓದಬಲ್ಲರು. ಮೂವತ್ತು ವರ್ಷದ ಹಿಂದೆ ಫ್ಲಾಪಿಯಲ್ಲಿ ಉಳಿಸಿದ ಕವನಸಂಕಲನವನ್ನು ಓದಲಾಗದೆ ಕೈಚೆಲ್ಲಬೇಕಾಗಬಹುದು.

ಮೂರು ಪ್ರಶ್ನೆಗಳು

ಹಾಗಾದರೆ ಬೇಲಿಯೇ ಬೇಡವೇ? ಬೇಕು. ಮಕ್ಕಳ ಕೈಗೆ ಸಿಗುವ ಫೋನಿಗೆ, ಬ್ಯಾಂಕಿನ ಹಣ ಓಡಾಡುವ ಆಪ್‌ಗೆ ಕಾವಲು ಇರಲೇಬೇಕು. ಎಲ್ಲವನ್ನೂ ತಾನೇ ಜೋಡಿಸಿಕೊಳ್ಳುವ ಉಸಾಬರಿ ಬೇಡ, ಕಂಪನಿಯೇ ನೋಡಿಕೊಳ್ಳಲಿ ಎನ್ನುವವನ ಆಯ್ಕೆಯೂ ಆಯ್ಕೆಯೇ. ಅವನನ್ನು ದಡ್ಡನೆನ್ನುವ ಹಕ್ಕು ತಂತ್ರಜ್ಞರಿಗಿಲ್ಲ.

ಆದರೆ ಬೇಲಿ ಕಂಡಲ್ಲೆಲ್ಲ ಮೂರು ಪ್ರಶ್ನೆ ಕೇಳುವುದನ್ನು ಈ ಇತಿಹಾಸ ಕಲಿಸುತ್ತದೆ. ಮೊದಲನೆಯದು, ಬೇಲಿಯ ವಿಷಯವನ್ನು ಕೊಳ್ಳುವ ಮುನ್ನವೇ ಗ್ರಾಹಕನಿಗೆ ತಿಳಿಯುವ ಮಾತಿನಲ್ಲಿ ಹೇಳಲಾಗಿತ್ತೇ? ಕಿಂಡಲ್ ಕೊಂಡವರಿಗೆ ತಮ್ಮ ಕಪಾಟಿಗೆ ಅಂಗಡಿಯವನ ಕೈ ಬರಬಲ್ಲದೆಂದು ಗೊತ್ತಿರಲಿಲ್ಲ. ಎರಡನೆಯದು, ಹಾನಿಯಾಗುತ್ತದೆ ಎಂದು ಹೇಳುವವರು ಅದನ್ನು ತಮಗಿಂತ ಬೇರೆಯವರ ಮುಂದೆ ರುಜುವಾತು ಮಾಡಿದ್ದಾರೆಯೇ? ಹಷ್-ಎ-ಫೋನಿಗೂ ಕಾರ್ಟರ್ ಅವರ ಪೆಟ್ಟಿಗೆಗೂ ನ್ಯಾಯ ಸಿಕ್ಕಿದ್ದು ಈ ಪ್ರಶ್ನೆಯಿಂದ. ಮೂರನೆಯದು, ಸಾಕೆನಿಸಿದ ದಿನ ತನ್ನ ನಂಬರು, ತನ್ನ ಚಿತ್ರ, ತನ್ನ ಬರಹಗಳೊಂದಿಗೆ ಗ್ರಾಹಕ ಹೊರನಡೆಯಬಹುದೇ? ಮೊಬೈಲ್ ನಂಬರಿಗೆ ಈ ಉತ್ತರ ಸಿಕ್ಕಿದೆ. ಇನ್ನೂ ಎಷ್ಟೋ ವಸ್ತುಗಳಿಗೆ ಸಿಗಬೇಕಾಗಿದೆ.

ಈ ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ಆ ಬೇಲಿ ಮನೆಯ ಬಾಗಿಲಿನಂತೆ. ಒಳಗಿರುವವರು ನೆಮ್ಮದಿಯಿಂದ ಇರಬಹುದು. ಇಲ್ಲ ಎಂಬ ಉತ್ತರ ಬಂದಲ್ಲಿ, ಒಳಗೆ ಎಷ್ಟೇ ಸುಖವಿದ್ದರೂ, ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ವಿಚಾರಿಸಬೇಕಾಗುತ್ತದೆ.

ಬಾಯಿಗೆ ಅಡ್ಡ ಹಿಡಿಯುವ ಅಂಗೈಗೆ ಅಪ್ಪಣೆ ಬೇಕಿಲ್ಲ ಎಂದು ಒಂದು ನ್ಯಾಯಾಲಯ ಹೇಳಿ ಏಳು ದಶಕಗಳೇ ಸಂದವು. ಅಂದು ಆ ಡಬ್ಬಿ ಮಾರುತ್ತಿದ್ದ ಸಣ್ಣ ಕಂಪನಿ ದೂರು ಕೊಡದೆ ಸುಮ್ಮನಿದ್ದಿದ್ದರೆ, ನಮ್ಮ ಫೋನಿಗೆ ಏನು ಜೋಡಿಸಬಹುದು ಎಂದು ಕೇಳುವ ಅಭ್ಯಾಸವೇ ಜನಕ್ಕೆ ತಪ್ಪಿಹೋಗುತ್ತಿತ್ತೋ ಏನೋ. ಆ ಅಭ್ಯಾಸವನ್ನು ಉಳಿಸಿಕೊಳ್ಳುವ ಕೆಲಸ ಈಗ ಫೋನು ಹಿಡಿದಿರುವ ಕೈಗಳದು.